ಸಿದ್ದಮ್ಮ ತುಂಬಿದ ಉಡಿ

ಮರುಳಸಿದ್ದಮ್ಮನ ಬಾಯಿಗೆ ಹೆದರದವರು ಪಿ.ಜೆ. ಬಡಾವಣೆಯ ಆ ನರ್ಸಿಂಗ್ ಹೋಮಿನಲ್ಲಿ ಯಾರೂ ಇರಲಿಲ್ಲ. ಡಾಕ್ಟರ್ ಶಿವಯೋಗಪ್ಪನವರೇ ಅವಳನ್ನು ಕಂಡರೆ ಸಿಗರೇಟು ಹಿಂದಕ್ಕೆ ಮರೆಮಾಡುತ್ತಿದ್ದರು ಅಂದಮೇಲೆ ಉಳಿದವರ ಮಾತೇಕೆ? ಶಾಮನೂರಿನ ಹೆಣ್ಣುಮಗಳು. ಮದುವೆಯಾಗಿ ಅರಿಶಿನದ ಬಣ್ಣ ಮಾಸುವ ಮೊದಲೇ ಗಂಡನನ್ನು ಪ್ಲೇಗು ಒಯ್ದಿತ್ತು. ಮೂಲೆಯಲ್ಲಿ ಕೂತು ಹಪ್ಪಳ ಒತ್ತಿಕೊಂಡಿರು ಎಂದ ಅತ್ತೆಮನೆಯವರಿಗೆ ದೊಡ್ಡದೊಂದು ನಮಸ್ಕಾರ ಹಾಕಿ, ನರ್ಸಿಂಗ್ ಕಲಿತು, ಬಿಳಿ ಸೀರೆ ಉಟ್ಟು ಬಂದವಳು. ವಿಧವೆಗೂ ಬಿಳಿ, ನರ್ಸಿಗೂ ಬಿಳಿ, ಸೀರೆ ಖರ್ಚು ಉಳೀತು ಎಂದು ತನ್ನನ್ನು ತಾನೇ ಆಡಿಕೊಳ್ಳುತ್ತಿದ್ದಳು. ನಗುವವರು ನಗುತ್ತಿದ್ದರು, ಅಷ್ಟೇ. ಅವಳ ಹೊಟ್ಟೆಯೊಳಗಿನ ಸಂಕಟ ಅವಳಿಗೇ ಗೊತ್ತು.

ಚೀನಾದ ಯುದ್ಧ ಮುಗಿದ ಮರುವರ್ಷದ ಆಷಾಢದಲ್ಲಿ ನಿರ್ಮಲ ಎಂಬ ಹುಡುಗಿಯನ್ನು ಅವಳ ತಾಯಿ ಹಾಲಮ್ಮ ಜಟಕಾದಲ್ಲಿ ಕೂರಿಸಿಕೊಂಡು ಅಲ್ಲಿಗೆ ಕರೆತಂದಳು. ಕೆ.ಬಿ. ಬಡಾವಣೆಯ ಅನುಕೂಲಸ್ಥ ಮನೆ. ಹುಡುಗಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ. ಹರಿಹರದ ಕಾಳಿನ ವ್ಯಾಪಾರಿ ಉಜ್ಜನಪ್ಪನಿಗೆ ಕೊಟ್ಟಿದ್ದರು. ಹೊಸ ಸೊಸೆ ಆಷಾಢಕ್ಕೆ ತೌರಿಗೆ ಬಂದಿದ್ದಾಳೆ, ಬಂದಾಗಿನಿಂದ ಮೈಮೇಲೆ ಬರುತ್ತಿದೆ ಎಂದಳು ತಾಯಿ. ಮೊದಲು ಯಾರೋ ಮಂತ್ರ ಹಾಕುವವನ ಬಳಿ ಕರೆದೊಯ್ದಿದ್ದರು. ಆ ಪುಣ್ಯಾತ್ಮ ಬೇವಿನ ಬರಲಿನಿಂದ ಬಾರಿಸಿದ ಬಾಸುಂಡೆಗಳು ಹುಡುಗಿಯ ಬೆನ್ನ ಮೇಲೆ ಇನ್ನೂ ಹಸಿಯಾಗಿದ್ದವು. ಮುಲಾಮು ಹಚ್ಚುತ್ತಾ ಸಿದ್ದಮ್ಮ ಆ ಮಂತ್ರವಾದಿಯ ಏಳು ತಲೆಮಾರನ್ನು ನೀವಾಳಿಸಿ ಎಸೆದಳು.

ಕಾಯಿಲೆಯ ಬಗೆ ಹೀಗಿತ್ತು. ಮಾತಾಡುತ್ತಾ ಕೂತ ಹುಡುಗಿಯ ಕಣ್ಣು ಒಮ್ಮೆಲೇ ಎಲ್ಲೋ ನೆಟ್ಟುಬಿಡುತ್ತಿತ್ತು. ಕರೆದರೆ ಕೇಳಿಸದು, ಚಿವುಟಿದರೆ ನೋಯದು. ಸ್ವಲ್ಪ ಹೊತ್ತಿಗೆ ಅವಳು ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ಬೆನ್ನಿನ ಮೇಲಿದ್ದ ಪದಕವೊಂದನ್ನು ದಾರ ಹಿಡಿದು ಎದೆಯ ಮೇಲಕ್ಕೆ ಎಳೆದುಕೊಳ್ಳುತ್ತಿದ್ದಳು. ಆಮೇಲೆ ನಿಧಾನವಾದ, ದಪ್ಪ ದನಿಯಲ್ಲಿ, ದೊಡ್ಡ ಮನೆಯ ಸೊಸೆಯ ಹಾಗೆ, "ಹಾಲಿಗೆ ಹೆಪ್ಪು ಹಾಕಿದ್ರೇನು?" ಎಂದು ಕೇಳುತ್ತಿದ್ದಳು. ಇಳಿದ ಮೇಲೆ ಯಾವುದೂ ನೆನಪಿಲ್ಲ. ಪದಕವನ್ನು ಹಾವು ಮುಟ್ಟಿದವಳಂತೆ ಮತ್ತೆ ಬೆನ್ನಿಗೆ ಎಸೆದು, ಮುದುರಿ ಮಲಗುತ್ತಿದ್ದಳು.

"ಆ ಪದಕ ಯಾರದವ್ವ?" ಎಂದು ಸಿದ್ದಮ್ಮ ತಾಯಿಯನ್ನು ಕೇಳಿದಳು.

ಹಾಲಮ್ಮ ಸೆರಗಿನ ಅಂಚು ಹೊಸೆದಳು. "ನಮ್ಮ ದೊಡ್ಡಾಕಿದು. ಅನ್ನಪೂರ್ಣ ಅಂತ. ಮೊದಲು ಅಕಿನ್ನೇ ಉಜ್ಜನಪ್ಪಗೆ ಕೊಟ್ಟಿದ್ವಿ. ಹೋದ ಶ್ರಾವಣದಾಗ ತೀರಿಕೊಂಡ್ಲು. ಮನಿತನ ಕೈಬಿಡಬಾರ್ದು ಅಂತ ಕಾರ್ತೀಕದಾಗ ಇಕಿನ್ನ ಕೊಟ್ವಿ."

ಸತ್ತ ಹೆಂಡತಿಯ ತಾಳಿಯ ಬಂಗಾರದಲ್ಲಿ ಪದಕ ಮಾಡಿಸಿ ಎರಡನೆಯವಳ ಕೊರಳಿಗೆ ಹಾಕುವುದು ಸಿದ್ದಮ್ಮನಿಗೆ ಹೊಸತಲ್ಲ. ಸವತಿ ಸಿಟ್ಟಾಗದಿರಲಿ ಎಂದು ಎಷ್ಟೋ ಮನೆಗಳಲ್ಲಿ ಮಾಡುತ್ತಾರೆ. ಆದರೆ ಇಲ್ಲಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಸೊಸೆಯ ಹೆಸರು ಬದಲಾದರೆ ಮನೆಗೆ ಏಳ್ಗೆಯಿಲ್ಲವೆಂದು ಅತ್ತೆ ಬಕ್ಕಮ್ಮ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಹುಡುಗಿಯ ಹೊಸ ಹೆಸರು ಬರೆಸಿದ್ದಳು: ಅನ್ನಪೂರ್ಣ. ಹೊಸ ಮದುಮಗಳು ಕಣ್ಣೀರು ಹಾಕಬಾರದು ಎಂದು ಅಕ್ಕನಿಗಾಗಿ ಅಳಲೂ ಬಿಟ್ಟಿರಲಿಲ್ಲ. ಅಕ್ಕ ಹೇಗೆ ಸತ್ತಳು ಎಂದು ಕೇಳಿದ್ದಕ್ಕೆ ಹಾಲಮ್ಮ, "ಕಾಲು ಜಾರಿತು," ಎಂದಷ್ಟೇ ಹೇಳಿ ಎದ್ದು ಹೋದಳು. ಒಳ್ಳೆಯ ಕೆಲಸಕ್ಕೆ ಬಂದಾಗ ಕೆಟ್ಟ ಮಾತು ಆಡಬಾರದು ಎಂಬುದು ಅವಳ ನಂಬಿಕೆ. ಅದೊಂದು ಮಾತು ಅವತ್ತೇ ಬಾಯಿಬಿಟ್ಟಿದ್ದರೆ!

ಶಿವಯೋಗಪ್ಪನವರು ಬೆಂಗಳೂರಿನ ಹುಚ್ಚಾಸ್ಪತ್ರೆಯಲ್ಲಿ ಕೆಲಕಾಲ ಕೆಲಸ ಮಾಡಿ ಬಂದವರು. ಸಿದ್ದಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದರು: "ದೆವ್ವನೂ ಅಲ್ಲ, ನಾಟಕನೂ ಅಲ್ಲ ಸಿಸ್ಟರ್. ತಡೆಯೋಕಾಗದೆ ಇರೋದನ್ನ ಆ ಹುಡುಗಿ ಮನಸ್ಸು ಬೇರೆ ಪಾಲು ಮಾಡಿ ಇಟ್ಟಿದೆ. ಅಕ್ಕ ಸತ್ತಿಲ್ಲ, ಇಲ್ಲೇ ಇದ್ದಾಳೆ ಅಂತ ಅದರ ಲೆಕ್ಕ. ಮಾತ್ರೆ ನಿದ್ದೆ ಕೊಡುತ್ತೆ, ಗುಣ ಕೊಡಲ್ಲ. ಗುಣ ನಿಮ್ಮ ಕೈಯಲ್ಲಿದೆ. ನೀವೊಬ್ಬರೇ ನೋಡ್ಕೊಳ್ಳಿ. ಯಾವಾಗಲೂ ನಿರ್ಮಲ ಅಂತಲೇ ಕರೀರಿ. ಅವಳು ಆ ಕಡೆ ಹೋದಾಗ ಹತ್ತಿರ ಕೂತು ಈ ಕಡೆಗೆ ಕರ್ಕೊಂಡು ಬರ್ರಿ. ಆದರೆ ಆ ಅಕ್ಕನ್ನ ಮಾತಾಡಿಸಬೇಡಿ. ಏನು ಬೇಕು ಅಂತ ಕೇಳಬೇಡಿ, ಕೇಳಿದ್ದು ಕೊಡಬೇಡಿ. ಕೊಟ್ರೆ ಅವಳು ಗಟ್ಟಿಯಾಗ್ತಾಳೆ, ಇವಳು ಕರಗ್ತಾಳೆ."

ಸಿದ್ದಮ್ಮ ಅಡುಗೆಮನೆಯಿಂದ ಒಂದು ಡಬ್ಬಿ ಕಲ್ಲುಪ್ಪು ತಂದು ಮಂಚದ ಪಕ್ಕ ಇಟ್ಟುಕೊಂಡಳು. ಹುಡುಗಿಯ ಕಣ್ಣು ನೆಟ್ಟ ಕೂಡಲೇ ಒಂದು ಹಿಡಿ ಉಪ್ಪನ್ನು ಅವಳ ಅಂಗೈಗೆ ಹಾಕಿ, ಮೇಲಿನಿಂದ ತನ್ನ ಕೈಯಿಂದ ಬಿಗಿಯಾಗಿ ಮುಚ್ಚುತ್ತಿದ್ದಳು.

"ನಿರ್ಮಲ. ಕೈಯಾಗೇನೈತೆ?"

ಮೊದಮೊದಲು ಉತ್ತರವಿಲ್ಲ. ಕೇಳುತ್ತಲೇ ಇರುತ್ತಿದ್ದಳು, ದನಿ ಏರಿಸದೆ, ಬೇಸರಪಡದೆ. ಕಡೆಗೊಮ್ಮೆ ಅಂಗೈಗೆ ಉಪ್ಪಿನ ಹರಳು ಒತ್ತಿ, ತುಟಿ ಅಲುಗುತ್ತಿತ್ತು. "ಉಪ್ಪು."

"ಯಾವ ಊರಾಗೀವಿ?"

"ದಾವಣಗೆರಿ."

"ಅದೇನು ಕೂಗಿದ್ದು?"

"ಮಿಲ್ಲಿನ ಸೈರನ್ನು."

"ಶಾಣ್ಯಾ ಹುಡುಗಿ. ಏಳು, ಕಾಫಿ ಕುಡಿ."

ಹೀಗೆ ವಾರಗಳು ಕಳೆದವು. ಅಕ್ಕ ಬರುವುದು ಕಡಿಮೆಯಾಯಿತು. ನಿರ್ಮಲ ಸಿದ್ದಮ್ಮನ ಜತೆ ಚೌಕಾಬಾರ ಆಡಿದಳು, ಸೋತಾಗ ಕವಡೆ ಬಚ್ಚಿಟ್ಟು ಮೋಸ ಮಾಡಿದಳು, ಸಿಕ್ಕಿಬಿದ್ದು ಕಿಲಕಿಲ ನಕ್ಕಳು. ಮಕ್ಕಳಿಲ್ಲದ ಸಿದ್ದಮ್ಮನಿಗೆ ಆ ನಗು ಎಲ್ಲಿ ನಾಟಿತೋ ಏನೋ, ಮನೆಯಲ್ಲಿ ಶೇಂಗಾ ಹೋಳಿಗೆ ಮಾಡಿ ಕಟ್ಟಿ ತರತೊಡಗಿದಳು. ದೀಪಾವಳಿಯವರೆಗೆ ಹುಡುಗಿ ಇಲ್ಲೇ ಇದ್ದರೆ ಅಕ್ಕ ಸತ್ತದ್ದನ್ನು ತಾನಾಗಿಯೇ ಬಾಯಿಬಿಟ್ಟು ಹೇಳಿ ಅಳುತ್ತಾಳೆ, ಅತ್ತರೆ ಗೆದ್ದಳು ಎಂದು ಡಾಕ್ಟರು ಹೇಳಿದ್ದರು.

ದೀಪಾವಳಿಯವರೆಗೆ ಬಿಡುವವರು ಯಾರು? ಆಷಾಢ ಮುಗಿಯುತ್ತಾ ಬಂದಂತೆ ಹರಿಹರದಿಂದ ಹೇಳಿಕಳಿಸಿದರು: ಶ್ರಾವಣದ ಮೊದಲ ಸೋಮವಾರ ಬಂದು ಸೊಸೆಯನ್ನು ಕರೆದುಕೊಂಡು ಹೋಗುತ್ತೇವೆ. ಡಾಕ್ಟರು ಆಗ ಊರಲ್ಲಿರಲಿಲ್ಲ, ಅವರ ಅಣ್ಣನಿಗೆ ಆಪರೇಷನ್ ಎಂದು ಬೆಂಗಳೂರಿಗೆ ಹೋಗಿದ್ದರು. ಸುದ್ದಿ ಕೇಳಿದ ನಿರ್ಮಲ ಆಡುತ್ತಿದ್ದ ಕವಡೆಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ ಮುಚ್ಚಿದಳು. ಅಂದಿನಿಂದ ಅಕ್ಕ ದಿನವೂ ಬರತೊಡಗಿದಳು. ಉಪ್ಪಿಗೂ ಬಗ್ಗಲಿಲ್ಲ. ಅಂಗೈ ಗೀರಿ ರಕ್ತ ಜಿನುಗಿದರೂ ಕಣ್ಣು ಈ ಕಡೆಗೆ ಬರಲಿಲ್ಲ.

ಭಾನುವಾರ ದೀಪ ಹಚ್ಚುವ ಹೊತ್ತು. ಸಿದ್ದಮ್ಮ ಮಂಚದ ಅಂಚಿನಲ್ಲಿ ಕೂತು ಕರೆದೂ ಕರೆದೂ ಗಂಟಲು ಒಣಗಿಸಿಕೊಂಡಿದ್ದಳು. ಎದುರಿಗೆ ಅವಳು ಕೂತಿದ್ದಳು, ಪದಕ ಎದೆಯ ಮೇಲೆ, ಕೈ ಮಡಿಲಲ್ಲಿ, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

"ಸಿಸ್ಟರ್," ಎಂದಳು ಆ ದಪ್ಪ ದನಿಯಲ್ಲಿ, "ಆ ಹುಡುಗಿನ್ನ ಯಾಕ ಹಿಂಗ ಕಾಡ್ತೀರಿ? ಅದಕ್ಕೇನೂ ತಿಳಿಯಲ್ಲ. ನನ್ನ ಕಳಿಸಿಬಿಡ್ರಿ. ನಾನು ಹೊಂಟು ಎಷ್ಟು ದಿನ ಆತು. ಉಡಿ ತುಂಬಿ ಕಳಿಸಿದ್ರ ಹೋಗ್ತೀನಿ. ಅಕಿ ತಂಟಿಗೆ ಬರಲ್ಲ."

ಡಾಕ್ಟರ ಮಾತು ಸಿದ್ದಮ್ಮನ ಕಿವಿಯಲ್ಲೇ ಇತ್ತು. ಆದರೆ ಶಾಮನೂರಿನಲ್ಲಿ ಹುಟ್ಟಿ ಬೆಳೆದವಳ ಮೈಯಲ್ಲಿ ಇನ್ನೊಂದು ಮಾತೂ ಇತ್ತು. ಯಾವ ಹೆಣ್ಣನ್ನೂ ಬರಿಗೈಯಲ್ಲಿ ಕಳಿಸಬಾರದು. ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು, ಎಲೆ ಅಡಿಕೆ ಸೆರಗಿನ ಮಡಿಲಿಗೆ ಹಾಕಿ ಕಳಿಸಿದರೆ ತೃಪ್ತಿಯಾಗಿ ಹೋಗುತ್ತಾಳೆ, ಅದು ಜೀವಂತ ಮಗಳಾದರೂ ಸರಿ, ಇನ್ನೊಂದಾದರೂ ಸರಿ. ನಾಳೆ ಬೆಳಿಗ್ಗೆ ಬಕ್ಕಮ್ಮ ಬರುತ್ತಾಳೆ. ಅಷ್ಟರೊಳಗೆ ಇವಳು ಹೋದರೆ ನನ್ನ ಹುಡುಗಿ ಉಳಿಯುತ್ತಾಳೆ. ಹೀಗೆ ಲೆಕ್ಕ ಹಾಕಿದಳು ಸಿದ್ದಮ್ಮ. ಪ್ರೀತಿ ಹಾಕಿಸಿದ ಲೆಕ್ಕ ಅದು, ಎಲ್ಲಿ ತಪ್ಪುತ್ತದೆ ಎಂದು ತಿಳಿಯುವುದೇ ಇಲ್ಲ.

"ಹೋದ್ರ ಮತ್ತೆ ಬರಬಾರ್ದು," ಎಂದಳು. ಮಾತಾಡಿಬಿಟ್ಟಿದ್ದಳು.

"ಉಡಿ ತುಂಬಿಸ್ಕೊಂಡು ಹೋದಾಕಿ ಹಿಂದಕ್ಕೆ ಯಾಕ ಬರ್ಲಿ?"

"ನಾನು ಮುತ್ತೈದೆ ಅಲ್ಲವ್ವ. ನನ್ನ ಕೈ ಬರಲ್ಲ ಇದಕ್ಕೆ."

"ನಿಮ್ಮ ಕೈಯಾಗೇ ತುಂಬ್ರಿ. ನನಗೇನು ಅಡ್ಡಿಯಿಲ್ಲ."

ಅಡುಗೆಮನೆಯಿಂದ ಮೊರದಲ್ಲಿ ಅಕ್ಕಿ ತಂದಳು. ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಎಲೆ ಅಡಿಕೆ ಇಟ್ಟಳು. ಸಿದ್ದಮ್ಮ ತನ್ನ ಕೈಯಾರೆ ಬೊಗಸೆಯಲ್ಲಿ ಎತ್ತಿ ಹುಡುಗಿಯ ಮಡಿಲಿಗೆ ಸುರಿದಳು. ಗಂಡ ಸತ್ತ ಮೇಲೆ ಯಾರ ಉಡಿಯನ್ನೂ ತುಂಬಿದ ಕೈಯಲ್ಲ ಅದು. ಹುಡುಗಿ ಸೆರಗನ್ನು ಗಂಟು ಹಾಕಿ ಸೊಂಟಕ್ಕೆ ಬಿಗಿದು, ಬಗ್ಗಿ ಸಿದ್ದಮ್ಮನ ಪಾದ ಮುಟ್ಟಿ, ಮಂಚದ ಮೇಲೆ ನೆಟ್ಟಗೆ ಮಲಗಿ ಕಣ್ಣು ಮುಚ್ಚಿದಳು. ಕೋಣೆಯಲ್ಲಿ ಏನೋ ಮುಗಿದಂತಾಯಿತು. ಸಿದ್ದಮ್ಮ ಹೊರಗೆ ಬಂದು ಕಂಬಕ್ಕೆ ಒರಗಿ ನಿಂತು ಅತ್ತಳು, ಸಮಾಧಾನಕ್ಕೆ ಬಂದ ಅಳು ಅಂದುಕೊಂಡಳು.

ಬೆಳಿಗ್ಗೆ ಬಕ್ಕಮ್ಮ ಮಗನೊಡನೆ ಬಂದಳು. ಎತ್ತರದ ಹೆಂಗಸು, ಹಣೆ ತುಂಬ ವಿಭೂತಿ, ಮಾತಿನಲ್ಲಿ ಕೆಟ್ಟತನವೇನೂ ಇರಲಿಲ್ಲ. ಉಜ್ಜನಪ್ಪ ಬಾಗಿಲ ಹೊರಗೇ ಟೋಪಿ ತಿರುವುತ್ತಾ ನಿಂತ.

"ಅನ್ನಪೂರ್ಣ," ಎಂದು ಬಕ್ಕಮ್ಮ ಕರೆದಳು.

"ಬಂದೆ ಅತ್ತಿಯವ್ರೆ," ಎಂದು ಹುಡುಗಿ ಎದ್ದು ಬಂದು ಕಾಲಿಗೆ ಬಿದ್ದಳು. "ಮಾವಿನಕಾಯಿ ಉಪ್ಪಿನಕಾಯಿ ಬೂಸ್ಲು ಬಂದಿಲ್ಲ ತಾನೆ? ದೊಡ್ಡ ಜಾಡಿ ಬಾಯಿಗೆ ಅರಿವಿ ಕಟ್ಟೋದು ಮರೆತಿದ್ದೆ."

ಬಕ್ಕಮ್ಮನ ಕಣ್ಣಲ್ಲಿ ನೀರು ತುಂಬಿತು. "ಅಬ್ಬ, ನನ್ನ ಸೊಸಿ ನನಗೆ ಸಿಕ್ಕಳಪ್ಪ. ಪೂರ್ತಿ ಗುಣ ಆಗ್ಯಾಳ. ಹಿಂದಿನ ಹಂಗೇ ಆಗ್ಯಾಳ. ನಿಮ್ಮ ಕೈಗುಣ ದೊಡ್ಡದು ಸಿಸ್ಟರ್."

ಸಿದ್ದಮ್ಮ ಹುಡುಗಿಯ ಕೊರಳು ನೋಡಿದಳು. ಪದಕ ಎದೆಯ ಮೇಲಿತ್ತು. ನಿನ್ನೆಯಿಂದ ಬೆನ್ನಿಗೆ ಹೋಗಿರಲೇ ಇಲ್ಲ. ನಾನು ಕಳಿಸಿದ್ದು ಯಾರನ್ನು, ಉಳಿಸಿಕೊಂಡದ್ದು ಯಾರನ್ನು?

"ಇನ್ನೂ ಕಳಿಸೋ ಹಂಗಿಲ್ಲ ಅಮ್ಮಾರೆ. ಡಾಕ್ಟ್ರು ಬರ್ಲಿ," ಎಂದು ಬಾಗಿಲಿಗೆ ಅಡ್ಡ ನಿಂತಳು.

"ಗುಣ ಆದೋರನ್ನ ಯಾಕ ಇಟ್ಕೊಂತೀರಿ?" ಎಂದಳು ಬಕ್ಕಮ್ಮ, ನಿಜವಾಗಿಯೂ ಅರ್ಥವಾಗದೆ. ಊರಿಗೆಲ್ಲ ಬಾಯಿ ಮಾಡುವವಳ ಬಾಯಿ ಅವತ್ತು ಕಟ್ಟಿಹೋಯಿತು. ಹುಡುಗಿ ಅವಳ ಪಕ್ಕದಿಂದಲೇ ಹಾದುಹೋದಳು. ಸೊಂಟದಲ್ಲಿ ಅಕ್ಕಿಯ ಗಂಟು ಹಾಗೇ ಬಿಗಿದಿತ್ತು.

ಅವರು ಹೋಗಿ ಊಟದ ಹೊತ್ತಾಗಿತ್ತು. ಹಾಲಮ್ಮ ಅಕ್ಕಿ, ಕೊಬ್ಬರಿ, ಕುಬುಸದ ಬಟ್ಟೆಯ ತಟ್ಟೆ ಹಿಡಿದು ಏದುಸಿರು ಬಿಡುತ್ತಾ ಬಂದಳು. ಮಗಳು ಆಗಲೇ ಹೋದಳೆಂದು ಕೇಳಿ ಅಲ್ಲೇ ಕುಸಿದಳು.

"ಬೇಕಂತ್ಲೇ ತಡ ಮಾಡಿದೆ ಸಿಸ್ಟರ್. ಉಡಿ ತುಂಬಾಕ ಕೈ ಬರ್ಲಿಲ್ಲ ನನಗೆ. ಹೋದ ಶ್ರಾವಣದಾಗ ಇದೇ ಕೈಯಾಗ ದೊಡ್ಡಾಕಿಗೆ ಉಡಿ ತುಂಬಿ ಕಳಿಸಿದ್ದೆ. ಹರಿಹರದಾಗ ಬಸ್ಸಿಳಿದು ಮನಿಗೆ ಹೋದ್ಲು. ಗಂಗವ್ವಗೆ ಉಡಿ ಒಪ್ಪಿಸಿ ಬರ್ತೀನ್ರಿ ಅಂತ ಅತ್ತಿ ಬಕ್ಕಮ್ಮಗೆ ಹೇಳಿ ಹೊಳಿಗೆ ಹೋದಾಕಿ ಬರ್ಲೇ ಇಲ್ಲ. ಮೇಲಕ್ಕೆ ಎತ್ತಿದಾಗ ಅಕ್ಕಿ ಉಡ್ಯಾಗೇ ಇದ್ದವು, ಉಬ್ಬಿದ್ದವು. ಕಾಲು ಜಾರಿತು ಅಂದ್ವಿ. ಜಾರಿತೋ ಏನೋ, ನೋಡಿದೋರು ಯಾರು? ಇಕಿಗಾದ್ರೂ ಉಡಿ ತುಂಬದ ಕಳಿಸೋಣ ಅಂದ್ಕಂಡಿದ್ದೆ, ತಾಯಿ ಕಳ್ಳು, ಕೊನೀಗೆ ತಡೀಲಿಲ್ಲ, ತಗಂಡು ಬಂದೆ."

ನಾನು ಹೊಂಟು ಎಷ್ಟು ದಿನ ಆತು ಎಂದಿದ್ದಳಲ್ಲ ನಿನ್ನೆ ಆ ಅಕ್ಕ. ಎಲ್ಲಿಗೆ ಎಂದು ಸಿದ್ದಮ್ಮ ಕೇಳಿರಲಿಲ್ಲ.

ತಲೆಯ ನರ್ಸ್ ಟೋಪಿ ಕೂಡ ತೆಗೆಯದೆ ಓಡಿದಳು. ಹರಿಹರದ ಬಸ್ಸು ಹೊರಡುತ್ತಿತ್ತು. ಹಿಂದಿನ ಬಾಗಿಲು ಹಿಡಿದು ಹತ್ತಿದಳು. ಬಸ್ಸು ಊರೂರಿಗೆ ನಿಂತು ಹತ್ತಿಸಿಕೊಳ್ಳುವಾಗ ಕಂಡಕ್ಟರನಿಗೆ ಸಿದ್ದಮ್ಮ ಬೈದ ಬೈಗುಳವನ್ನು ಅವನು ಜನ್ಮದಲ್ಲಿ ಕೇಳಿರಲಾರ. ಆಕಾಶ ಮುಚ್ಚಿಕೊಂಡಿತ್ತು. ಮೇಲೆ ಮಲೆನಾಡಿನಲ್ಲಿ ಮಳೆ ಹೊಡೆದು ಹೊಳೆ ತುಂಬಿದೆ ಎಂದು ಯಾರೋ ಮಾತಾಡಿಕೊಂಡರು. ಸಿದ್ದಮ್ಮ ಕಿವಿ ಮುಚ್ಚಿಕೊಂಡಳು.

ಉಜ್ಜನಪ್ಪನ ಮನೆ ಹುಡುಕಿ ಬಾಗಿಲು ಬಡಿದಾಗ ಬಕ್ಕಮ್ಮ ಪಡಸಾಲೆಯಲ್ಲಿ ಅಡ್ಡಾಗಿದ್ದವಳು ಎದ್ದು ಕೂತಳು. "ಅನ್ನಪೂರ್ಣನಾ? ಈಗ ಹೊಳಿಗೆ ಹೋದ್ಲಲ್ಲ. ಗಂಗವ್ವಗೆ ಉಡಿ—" ಎಂದವಳು ಅಲ್ಲಿಗೇ ನಿಂತಳು. ಆ ಮಾತನ್ನು ಒಂದು ವರ್ಷದ ಹಿಂದೆಯೂ ಆಡಿದ್ದು ಅವಳಿಗೆ ಆಗ ನೆನಪಾಗಿರಬೇಕು. ಸಿದ್ದಮ್ಮ ಅಷ್ಟರಲ್ಲಿ ಬೀದಿಯ ತುದಿಯಲ್ಲಿದ್ದಳು.

ಹೊಳೆಯ ಕೆಂಪು ನೀರು ಕೆಳಗಿನ ಮೆಟ್ಟಿಲುಗಳನ್ನೆಲ್ಲ ನುಂಗಿ ಹರಿಯುತ್ತಿತ್ತು. ದಂಡೆಯಲ್ಲಿ ಬೇರೆ ಒಂದು ನರಪಿಳ್ಳೆಯಿಲ್ಲ. ಹುಡುಗಿ ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ಆಚೆ ದಡ ನೋಡುತ್ತಾ ನಿಂತಿದ್ದಳು.

"ನಿರ್ಮಲ!" ಎಂದು ಕೂಗಿದಳು ಸಿದ್ದಮ್ಮ.

ತಿರುಗಲಿಲ್ಲ. ಇನ್ನೊಂದು ಮೆಟ್ಟಿಲು ಇಳಿದಳು. ನೀರು ತೊಡೆಗೆ ಬಂತು.

ಈಜು ಬಾರದ ಸಿದ್ದಮ್ಮ ಚಪ್ಪಲಿ ಸಮೇತ ನೀರಿಗಿಳಿದಳು. ಡಾಕ್ಟರ ಮಾತು ಮೀರಿ ಆಗಿತ್ತು, ಈಗ ಮೀರಿದ ದಾರಿಯಲ್ಲೇ ಹೋಗಿ ತರಬೇಕಾಗಿತ್ತು. "ಅನ್ನಪೂರ್ಣವ್ವ," ಎಂದಳು.

ತಿರುಗಿದಳು. ಮುಖ ಶಾಂತವಾಗಿತ್ತು. ಅಷ್ಟು ಶಾಂತವಾದ ಮುಖವನ್ನು ಸಿದ್ದಮ್ಮ ಹೆಣಗಳಲ್ಲಿ ಮಾತ್ರ ನೋಡಿದ್ದಳು. "ನೀವ್ಯಾಕ ಬಂದ್ರಿ ಸಿಸ್ಟರ್? ಕಳಿಸೋದು ಆತಲ್ಲ."

"ನಾನು ತುಂಬಿದ ಉಡಿ ನನಗೇ ಕೊಡವ್ವ."

"ಕೊಟ್ಟ ಉಡಿ ಯಾರಾದ್ರೂ ವಾಪಸ್ ಕೇಳ್ತಾರೇನ್ರಿ?"

"ಕೇಳಬಾರ್ದು. ಬೇಡ್ತೀನಿ." ಸಿದ್ದಮ್ಮ ಬಿಳಿ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಒಡ್ಡಿದಳು. "ಸೆರಗೊಡ್ಡಿ ಬೇಡ್ತೀನಿ. ಗಂಡ ಹೋದಾಗಿಂದ ನನ್ನ ಉಡಿ ಒಬ್ರೂ ತುಂಬಿಲ್ಲ ತಾಯಿ. ನೀನು ತುಂಬು. ನಾನು ಕೇಳೋದು ಇದೊಂದೇ."

ಮುತ್ತೈದೆಯ ಮುಂದೆ ಇನ್ನೊಂದು ಹೆಣ್ಣು ಸೆರಗೊಡ್ಡಿದರೆ ಇಲ್ಲ ಅನ್ನುವಂತಿಲ್ಲ. ಆ ಅಕ್ಕನೂ ಅದನ್ನು ಮೀರಲಾರದಾದಳು. ಹುಬ್ಬು ಗಂಟಿಕ್ಕಿ, ಸೊಂಟದ ಗಂಟು ಬಿಚ್ಚಿ, ಬೊಗಸೆ ಬೊಗಸೆಯಾಗಿ ಅಕ್ಕಿಯನ್ನು ಸಿದ್ದಮ್ಮನ ಸೆರಗಿಗೆ ಹಾಕಿದಳು. ಕಡೆಯ ಬೊಗಸೆ ಬೀಳುವ ಮೊದಲೇ ಸಿದ್ದಮ್ಮ ಆ ಕೈಯನ್ನು ಹಿಡಿದು ಅಕ್ಕಿಯ ಸಮೇತ ಬಿಗಿಯಾಗಿ ಮುಚ್ಚಿದಳು.

"ನಿರ್ಮಲ. ಕೈಯಾಗೇನೈತೆ?"

ನೀರು ಇಬ್ಬರನ್ನೂ ಜಗ್ಗುತ್ತಿತ್ತು.

"ಕೈಯಾಗೇನೈತೆ ನಿರ್ಮಲ?"

ತುಟಿ ಅಲುಗಿತು. "ಅಕ್ಕಿ."

"ಯಾವ ಊರಾಗೀವಿ?"

"ಹರಿಹರ." ಕಣ್ಣು ನೀರಿನ ಮೇಲೆ ಇಳಿಯಿತು, ಒಮ್ಮೆಲೇ ಹಲ್ಲು ಕಟಕಟಿಸತೊಡಗಿದವು. ಇನ್ನೊಂದು ಕೈ ಪದಕವನ್ನು ಬೆನ್ನಿಗೆ ಎಸೆಯಿತು. ತೆಳ್ಳನೆಯ, ಹುಡುಗಿಯ ದನಿ. "ಸಿಸ್ಟರ್, ಚಳಿ. ಅಕ್ಕ ಎಲ್ಲಿ?"

ಕೆಳಗಿನ ಮೆಟ್ಟಿಲಿನಿಂದ ಅವಳನ್ನು ಎಳೆದು ಮೇಲೆ ತಂದು ಕೂರಿಸಿ, ತೋಳಲ್ಲಿ ಅಪ್ಪಿ, ಸಿದ್ದಮ್ಮ ಯಾರೂ ಹೇಳದ ಮಾತನ್ನು ಹೇಳಿದಳು. "ಅಕ್ಕ ತೀರಿಕೊಂಡ್ಲು ಮಗಳೆ. ಹೋದ ಶ್ರಾವಣದಾಗ. ಇದೇ ಹೊಳ್ಯಾಗ."

ಹುಡುಗಿ ಬಾಯಿ ತೆರೆದಳು. ಬಂದ ಅಳು ಹೊಳೆಯ ಸದ್ದನ್ನೂ ಮೀರಿಸಿತು. ಅಕ್ಕಾ ಅಕ್ಕಾ ಎಂದು ಕಲ್ಲಿಗೆ ಹಣೆ ಚಚ್ಚಿಕೊಳ್ಳಲು ಹೋದವಳ ತಲೆಯನ್ನು ಸಿದ್ದಮ್ಮ ಎದೆಗೆ ಒತ್ತಿ ಹಿಡಿದಳು. ಅಳು ತಾಯಿ, ಅಳು, ಎಲ್ಲಾ ಅತ್ತುಬಿಡು ಎಂದು ತಾನೂ ಅತ್ತಳು. ಅತ್ತರೆ ಗೆದ್ದಳು ಎಂದಿದ್ದರು ಡಾಕ್ಟರು.

ಮೇಲಿನ ಮೆಟ್ಟಿಲ ಮೇಲೆ ಬಕ್ಕಮ್ಮ ಬಂದು ನಿಂತಳು. ಓಡಿ ಬಂದು ಮೇಲುಸಿರು ಬಿಡುತ್ತಿದ್ದಳು, ಹೆದರಿಕೆಗೆ ಮುಖ ಬಿಳಿಚಿತ್ತು. ಸೊಸೆ ಬದುಕಿದ್ದನ್ನು ಕಂಡು ಎರಡೂ ಕೈ ಚಾಚಿದಳು.

"ಅನ್ನಪೂರ್ಣ! ಬಾರವ್ವ ಮನಿಗೆ!"

ಸಿದ್ದಮ್ಮನ ತೋಳಲ್ಲಿ ಅಳು ನಿಂತಿತು. ಕಡಿಮೆಯಾಗಲಿಲ್ಲ, ನಿಂತೇ ಹೋಯಿತು. ಹುಡುಗಿ ಕಣ್ಣೊರೆಸಿಕೊಂಡಳು, ತೋಳು ಬಿಡಿಸಿಕೊಂಡು ಎದ್ದಳು, ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಬಂದೆ ಅತ್ತಿಯವ್ರೆ," ಎಂದು ಮೆಟ್ಟಿಲು ಹತ್ತತೊಡಗಿದಳು.

"ಆ ಹೆಸರು ಕರೀಬ್ಯಾಡ್ರಿ!" ಎಂದು ಸಿದ್ದಮ್ಮ ಕಿರುಚಿದಳು. "ನಿಮ್ಮ ಕಾಲಿಗೆ ಬೀಳ್ತೀನಿ. ನಿರ್ಮಲ ಅನ್ರಿ. ಒಂದು ಸಲ ಅನ್ರಿ!"

ಬಕ್ಕಮ್ಮ ಅವಳನ್ನು ದಿಟ್ಟಿಸಿ ನೋಡಿದಳು. ಸಿಟ್ಟಿರಲಿಲ್ಲ, ಮರುಕವಿತ್ತು.

"ಆ ಹೆಸರಿನೋರು ನಮ್ಮ ಮನ್ಯಾಗ ಯಾರೂ ಇಲ್ಲ ಸಿಸ್ಟರ್," ಎಂದಳು.

ಹುಡುಗಿಯ ಕೈ ಬೆನ್ನಿಗೆ ಹೋಗಿ ಪದಕದ ದಾರವನ್ನು ಹುಡುಕುತ್ತಿತ್ತು. ಸಿದ್ದಮ್ಮ ಎದ್ದಳು. ಸೆರಗಿನ ಅಕ್ಕಿಯನ್ನು ಒಂದು ಕೈಯಲ್ಲಿ ಹೊಟ್ಟೆಗೆ ಒತ್ತಿ ಹಿಡಿದು, ನಿರ್ಮಲ ಎಂದು ಕರೆದಳು. ದಾರ ಹಿಡಿದ ಕೈ ಅಷ್ಟಕ್ಕೇ ನಿಂತಿತು. ಮುಂದಕ್ಕೂ ಎಳೆಯಲಿಲ್ಲ, ಬಿಡಲೂ ಇಲ್ಲ. ಮೇಲಿನಿಂದ ಬಕ್ಕಮ್ಮ ಮತ್ತೆ ಅನ್ನಪೂರ್ಣ ಎಂದಳು. ಸಿದ್ದಮ್ಮ ಕರೆಯುತ್ತಲೇ ಒಂದೊಂದು ಮೆಟ್ಟಿಲು ಹತ್ತಿದಳು.